ಅಕ್ಕನನ್ನು ಮರೆಮಾಡಿದ ಸಾಲು

ಏನು ಕೆಲಸ ಮಾಡುತ್ತೀಯ ಎಂದು ಕೇಳಿದವರಿಗೆ ವೆಬ್‌ಸೈಟ್ ಮಾಡುತ್ತೇನೆ ಎನ್ನುತ್ತೇನೆ. ನಿಜ ಹೇಳಬೇಕೆಂದರೆ ಅರ್ಧ ದಿನ ಮಾಡುವುದು, ಉಳಿದರ್ಧ ದಿನ ಮಾಡಿದ್ದರಲ್ಲಿ ಏನನ್ನಾದರೂ ಮರೆಮಾಡುವುದು. ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಬೀದಿ ಕಡೆಯ ಕೋಣೆಯೇ ನನ್ನ ಆಫೀಸು. ಗೋಡೆಯ ಆಚೆ ಪಕ್ಕದ ಮನೆಯವರ ಎರಡು ಪವರ್‌ಲೂಮುಗಳು ಬೆಳಗಿನಿಂದ ಬಡಿದುಕೊಳ್ಳುತ್ತಿರುತ್ತವೆ. ಬರುವವರಲ್ಲಿ ಮುಕ್ಕಾಲು ಪಾಲು ದೇವನಹಳ್ಳಿ ಕಡೆ ಸೈಟು ಮಾರುವವರು. ಒಬ್ಬರಿಗೆ ಹಳೆಯ ರೇಟು ಕಾಣಬಾರದು, ಇನ್ನೊಬ್ಬರಿಗೆ ಜಗಳವಾಡಿ ಬಿಟ್ಟುಹೋದ ಪಾರ್ಟ್ನರ್ ಮುಖ ಕಾಣಬಾರದು. ಒಬ್ಬರಂತೂ ಲೇಔಟಿನ ನಕ್ಷೆಯಲ್ಲಿ ಪಕ್ಕದ ಸ್ಮಶಾನದ ಗುರುತು ಮರೆಮಾಡು ಎಂದರು. "ಅಲ್ಲಿರೋರು ಕಂಪ್ಲೇಂಟ್ ಕೊಡೋಕೆ ಬರಲ್ಲ ಬಿಡಮ್ಮ," ಎಂದು ನಕ್ಕರು. ನಾನೂ ನಕ್ಕು ಮಾಡಿಕೊಟ್ಟೆ.

ಮರೆಮಾಡುವುದು ಬಲು ಸುಲಭ. ಪುಟದಲ್ಲಿರುವ ಪ್ರತಿ ತುಣುಕಿಗೂ, ಅದು ಫೋಟೋ ಆಗಲಿ, ಎರಡು ಸಾಲು ಬರಹವಾಗಲಿ, ನಾವು ಒಂದು ಒಳಹೆಸರು ಇಟ್ಟಿರುತ್ತೇವೆ. ಪುಟಕ್ಕೆ ಆಜ್ಞೆ ಕೊಡುವ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಆ ಹೆಸರು ಹಿಡಿದು ಕರೆದರೆ ತುಣುಕು ಕೈಗೆ ಸಿಗುತ್ತದೆ. ಸಿಕ್ಕ ಮೇಲೆ ಕಾಣಿಸಬೇಡ ಎಂದು ಹೇಳಿದರಾಯಿತು, ಒಂದೇ ಸಾಲಿನ ಕೆಲಸ. ನೋಡುವವರ ಪಾಲಿಗೆ ಅದು ಇಲ್ಲ. ಪುಟದ ಒಳಗೆ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ. ಬ್ರೌಸರಿನ ಒಳಗನ್ನು ತೆರೆದು ನೋಡುವ ಕಿಟಕಿ ಒಂದಿದೆ; ಅಲ್ಲಿ ಕಾಣುವವರೂ ಮರೆಯಾದವರೂ ಒಬ್ಬರ ಕೆಳಗೊಬ್ಬರು ಇರುತ್ತಾರೆ, ಯಾರೂ ಮಸುಕಾಗಿರುವುದಿಲ್ಲ. ಮೊದಮೊದಲು ನನಗೆ ಇದು ತಮಾಷೆಯಾಗಿತ್ತು. ಈಗ ಆ ಕಿಟಕಿ ತೆರೆಯುವ ಮುಂಚೆ ಕೈ ಒಂದು ಗಳಿಗೆ ನಿಲ್ಲುತ್ತದೆ.

ನಾನು ಮಾಡಿದ ಮೊಟ್ಟಮೊದಲ ಪುಟ ನಮ್ಮಕ್ಕನ ಮದುವೆಯ ಕರೆಯೋಲೆ. ಹತ್ತು ವರ್ಷದ ಹಿಂದಿನ ಮಾತು. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಆರು ತಿಂಗಳು ಹೋಗಿ, ಎಲ್ಲ ಬಲ್ಲೆ ಎಂಬ ಜಂಬದಲ್ಲಿದ್ದೆ. ಮೇಲೆ ಗಣಪತಿ, ಅದರ ಕೆಳಗೆ ಹುಡುಗ ಹುಡುಗಿಯ ಫೋಟೋ, ಕೊನೆಗೆ ಛತ್ರದ ದಾರಿ. ಒಳಹೆಸರು ಇಡುವಾಗ ವಧು, ವರ ಎಂದು ಇಡಬೇಕೆಂದು ಈಗ ಗೊತ್ತು. ಆಗ ಅವರಿಬ್ಬರೂ ನನಗೆ ಏನಾಗಬೇಕೋ ಅದನ್ನೇ ಇಟ್ಟೆ. ಒಬ್ಬಳು ಅಕ್ಕ, ಇನ್ನೊಬ್ಬರು ಭಾವ.

ಅಕ್ಕನ ಫೋಟೋ ನಮ್ಮ ತಾರಸಿಯ ಮೇಲೆ ನಾನೇ ತೆಗೆದದ್ದು. ಮಲ್ಲಿಗೆ ಮುಡಿಯುತ್ತ ಯಾವುದಕ್ಕೋ ಜೋರಾಗಿ ನಕ್ಕಿದ್ದಳು, ಒಂದು ಕೈ ಇನ್ನೂ ತಲೆಯ ಹಿಂದೆಯೇ ಇತ್ತು. ನಾನು ಪುಟ ಮಾಡುವಾಗ ಬೆನ್ನ ಹಿಂದೆ ನಿಂತು ನೋಡುತ್ತಿದ್ದವಳು ನನ್ನ ಭುಜ ಹಿಂಡಿದಳು.

"ಅದನ್ನ ತೆಗಿಯೇ. ಬಾಯಿ ಬಿಟ್ಕೊಂಡಿದೀನಿ, ಅಸಹ್ಯವಾಗಿದೆ."

"ಹೂಂ, ತೆಗ್ದೆ," ಎಂದು ಸುಳ್ಳು ಹೇಳಿ ಹಾಗೆಯೇ ಬಿಟ್ಟೆ. ಆಗಿನ ನಿಧಾನದ ಇಂಟರ್‌ನೆಟ್ಟಿಗೆ ಹೊಂದಲಿ ಎಂದು ಫೋಟೋವನ್ನು ಹಿಂಡಿ ಹಿಂಡಿ ತೀರಾ ಹಗುರ ಮಾಡಿದ್ದೆ. ಆ ಹಗುರವೇ ಮುಂದೆ ಇಷ್ಟೆಲ್ಲ ಮಾಡುತ್ತದೆಂದು ನನಗೇನು ಗೊತ್ತು. ಫೋಟೋ ಉಳಿದಿದೆ ಎಂದು ತಿಳಿದಾಗ ಅಕ್ಕ ಒಂದು ವಾರ ನನ್ನೊಂದಿಗೆ ಮಾತು ಬಿಟ್ಟಳು.

ಅಕ್ಕನನ್ನು ಕೊಟ್ಟಿದ್ದು ದೊಡ್ಡಬೆಳವಂಗಲದಿಂದ ಒಳಗಿರುವ ಒಂದು ಹಳ್ಳಿಗೆ. ಮನೆಯಲ್ಲಿ ಹೊಲ, ಎರಡು ಹಸು. ಭಾವ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾರೆ. ಮಗಳಿಗೆ ಐದು ತುಂಬಿದ ವರ್ಷ ಅಕ್ಕನಿಗೆ ಜ್ವರ ಬಂತು. ಮಾತ್ರೆ ನುಂಗಿ ಎರಡು ದಿನ ಮನೆಯಲ್ಲೇ ಮಲಗಿದ್ದಳು, ಮೂರನೇ ದಿನ ಆಸ್ಪತ್ರೆಗೆ ಸೇರಿಸಿದರು, ನಾಲ್ಕನೇ ದಿನ ಇಲ್ಲವಾದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ. ಭಾವನ ತಾಯಿ, ಅವರನ್ನು ನಾನು ಅತ್ತೆ ಎನ್ನುತ್ತೇನೆ, ಮಗು ನೋಡಿ ನೋಡಿ ಅಳುತ್ತದೆಂದು ಅಕ್ಕನ ಫೋಟೋಗಳನ್ನೆಲ್ಲ ಒಂದು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ನಮ್ಮಮ್ಮ ಅಕ್ಕನ ಹೆಸರೆತ್ತುವುದನ್ನೇ ಬಿಟ್ಟರು. ಅಕ್ಕಾ ಎಂದು ಕರೆಯಲು ನನಗೆ ಯಾರೂ ಉಳಿಯಲಿಲ್ಲ.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ಭಾವನಿಗೆ ಇನ್ನೊಂದು ಮದುವೆ ಗೊತ್ತಾಯಿತು. ಹುಡುಗಿ ಶಿವಗಂಗೆಯ ತಪ್ಪಲಿನ ಊರಿನವಳು, ನನಗಿಂತ ಎರಡು ವರ್ಷ ಚಿಕ್ಕವಳು. ಒಂದು ದಿನ ಭಾವ ಕಾರನ್ನು ಬೀದಿಯಲ್ಲಿ ನಿಲ್ಲಿಸಿ ನನ್ನ ಕೋಣೆಗೆ ಬಂದು ಕುಳಿತರು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಕಾರ್ಡು ಪ್ರಿಂಟ್ ಹಾಕ್ಸಲ್ಲ ಕಣಮ್ಮ. ವಾಟ್ಸಪ್ಪಲ್ಲಿ ಕಳ್ಸೋಕೆ ಒಂದು ಪೇಜ್ ಮಾಡ್ಕೊಡು ಸಾಕು. ಹಳೇದೇ ಐತಲ್ಲ, ಅದ್ರಲ್ಲೇ ಹೆಸ್ರು ಬದ್ಲಾಯ್ಸು."

"ಹಳೇದ್ರಲ್ಲಿ ಅಕ್ಕ ಇದಾಳಲ್ಲ ಭಾವ."

"ಅದುನ್ನ ಮರ್ತ್..." ಎಂದವರು ನಿಲ್ಲಿಸಿ ನೆಲ ನೋಡಿದರು. "ಮರೆ ಮಾಡ್ಬಿಡು."

ನನಗೆ ಕೆಟ್ಟ ಸಿಟ್ಟು ಬಂತು. ಮಗುವಿಗೆ ತಲೆ ಬಾಚುವವರು ಬೇಕು, ಅತ್ತೆಗೆ ಮಂಡಿ ನೋವು, ಭಾವ ಹಗಲೂ ರಾತ್ರಿ ರೋಡಿನ ಮೇಲೆ ಇರುವವರು, ಇದೆಲ್ಲ ನನಗೂ ಗೊತ್ತಿತ್ತು. ಗೊತ್ತಿದ್ದೂ ಬಂದ ಸಿಟ್ಟು ಅದು. ಆಗಲಿ ಎಂದು ಮುಖ ತಿರುಗಿಸಿ ಹೇಳಿದೆ. ಭಾವ ಹೋದ ಮೇಲೆ ಅವರ ಕಾಫಿಯನ್ನು ನಾನೇ ಕುಡಿದೆ.

ಮಾರನೇ ದಿನ ಬೆಳಗ್ಗೆ ಕೆಲಸಕ್ಕೆ ಕುಳಿತೆ. ಅಕ್ಕನ ತುಣುಕನ್ನು ಅಳಿಸಿಹಾಕಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅಳಿಸಲಿಲ್ಲ. ಮರೆಮಾಡುವುದೇ ಬೇಗ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ, ಅದು ಶುದ್ಧ ಸುಳ್ಳು. ಅಕ್ಕನ ತುಣುಕನ್ನೇ ನಕಲು ಮಾಡಿ ಅದರ ಕೆಳಗೆ ಅಂಟಿಸಿದೆ. ಹೆಸರು ಬದಲಿಸಿದೆ, ಫೋಟೋ ಬದಲಿಸಿದೆ. ಒಳಹೆಸರು ಮಾತ್ರ ಅಕ್ಕ ಎಂದೇ ಉಳಿಯಿತು. ನನ್ನ ಕಣ್ಣಿಗೆ ಬೀಳದೆ ಉಳಿದದ್ದೇನಲ್ಲ. ಅತ್ತೆ ಆ ವಾರವಷ್ಟೇ ಫೋನಿನಲ್ಲಿ ಹೇಳಿದ್ದರು, "ವಯಸ್ಸು ಏನಾರಾ ಆಗ್ಲಿ, ಇನ್ಮೇಲೆ ಅವ್ಳೇ ನಿಂಗೆ ಅಕ್ಕ ಕಣಮ್ಮಿ." ಇರಲಿ ಬಿಡು ಎಂದುಕೊಂಡೆ.

ಹೇಗೂ ಕೆಲಸ ನಡೆಯುತ್ತಿತ್ತು. ಕ್ವೆರಿ ಸೆಲೆಕ್ಟರ್ ಎಂಬ ಆಜ್ಞೆ ಇದೆ. ಹೆಸರು ಕೊಟ್ಟರೆ ಪುಟದಲ್ಲಿ ಮೇಲಿನಿಂದ ಹುಡುಕುತ್ತ ಬಂದು, ಆ ಹೆಸರಿನವರಲ್ಲಿ ಮೊದಲು ಸಿಕ್ಕವರ ಬಳಿ ನಿಂತುಬಿಡುತ್ತದೆ. ಮೇಲಿದ್ದವಳು ನಮ್ಮಕ್ಕ. ಮರೆಮಾಡಬೇಕಾದರೂ ಮೊದಲು ಕರೆಯಬೇಕು. ಒಂದೂವರೆ ವರ್ಷದ ಮೇಲೆ ನಾನು ಅಕ್ಕ ಎಂದು ಕರೆದದ್ದು ಆ ದಿನ. ಕರೆದ ಕೂಡಲೇ ಸಿಕ್ಕಳು. ಸಿಕ್ಕವಳಿಗೆ ಕಾಣಿಸಬೇಡ ಎಂದೆ.

ಅದೇ ಹೊತ್ತಿಗೆ ಪಕ್ಕದ ಮನೆಯ ಮಗ್ಗಗಳು ಎರಡೂ ನಿಂತವು. ಕರೆಂಟು ಇತ್ತು, ನನ್ನ ಫ್ಯಾನು ತಿರುಗುತ್ತಿತ್ತು. ಯಾಕೆ ನಿಂತವೋ ಕೇಳಲಿಲ್ಲ. ಆ ಸದ್ದಿಲ್ಲದ ಕೋಣೆಯಲ್ಲಿ ಹಿಂದಿನಿಂದ ಯಾರೋ ಭುಜ ಹಿಂಡಿದ ಹಾಗಾಗಿ ತಿರುಗಿ ನೋಡಿದೆ. ಬಾಗಿಲ ಪರದೆ ಬಿಟ್ಟರೆ ಏನೂ ಇರಲಿಲ್ಲ.

ಹೆಣ್ಣಿನ ಕಡೆಯವರು ಪುಟದ ತುಂಬ ಹೂವು ಉದುರಬೇಕೆಂದು ಕೇಳಿದ್ದರು. ಅದಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕಂಪ್ಯೂಟರ್ ಕೋಡು ಸಿಗುತ್ತದೆ, ತೂಕದ್ದು, ನೆಟ್ಟಿನಿಂದ ಇಳಿಯಲು ಹೊತ್ತು ಹಿಡಿಯುವಂಥದ್ದು. ಅದನ್ನೂ ಸೇರಿಸಿದೆ. ಪುಟ ತೆರೆದಾಗ ಮೊದಲು ಆ ಹೂವಿನ ಕೋಡು ಬರಬೇಕು, ಅದರ ಹಿಂದೆ ನನ್ನ ಮರೆಮಾಡುವ ಸಾಲು. ನನ್ನ ಕಂಪ್ಯೂಟರಿನಲ್ಲಿ ಎರಡೂ ರೆಪ್ಪೆ ಬಡಿಯುವಷ್ಟರಲ್ಲಿ ಬಂದವು. ಲಿಂಕನ್ನು ಭಾವನಿಗೆ ಕಳಿಸಿದೆ. ಒಂದು ಹೆಬ್ಬೆರಳಿನ ಚಿತ್ರ ವಾಪಸು ಬಂತು.

ಮೂರನೇ ದಿನ ಅತ್ತೆ ಫೋನ್ ಮಾಡಿದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

"ಅವ್ಳು ಬಂದಿದ್ಲು ಕಣಮ್ಮಿ."

"ಯಾರು ಅತ್ತೆ?"

"ನಿಮ್ಮಕ್ಕ. ನನ್ ಫೋನ್ನಾಗೆ. ಮದ್ವೆ ಪೇಜ್ ತೆಗುದ್ರೆ ಫಸ್ಟು ಅವ್ಳು ನಿಂತ್ಕತಾಳೆ. ನಗ್ತಾಳೆ. ಆಮ್ಯಾಕೆ ಹೊಂಟೋಯ್ತಾಳೆ. ಹೆಣ್ಣಿನ ಕಡೆಯೋರ್ಗೂ ಕಾಣಿಸ್ಕೊಂಡವ್ಳಂತೆ. ಅವರಪ್ಪ ಹೆದ್ರುಕೊಂಡು ಮದ್ವೆ ಮುಂದಕ್ಕಾಕಣ ಅಂತಾವ್ನೆ."

ನಂಬಿಕೆ ಗಿಂಬಿಕೆ ನನಗಿಲ್ಲ ಎಂದು ಓಡಾಡುವವಳು ನಾನು. ಆ ಕ್ಷಣ ಮಾತ್ರ ಅಕ್ಕ ನಿಜವಾಗಿ ಬಂದಿದ್ದಾಳೆ ಎಂದೇ ಅನ್ನಿಸಿತು, ಬರಲಿ ಎಂದೂ ಅನ್ನಿಸಿತು. ಪುಟವನ್ನು ಹತ್ತು ಸಲ ತೆರೆದು ನೋಡಿದೆ. ನನ್ನಲ್ಲಿ ಅವಳು ಬರಲಿಲ್ಲ. ಹನ್ನೊಂದರ ಬಸ್ಸು ಹಿಡಿದು ಹಳ್ಳಿಗೆ ಹೋದೆ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಫೋನು ಕೊಡಿ ಎಂದರೆ ಸುತ್ತ ನೋಡಿ, "ನಿನ್ ಮಗ್ಳು ಎತ್ಕಂಡೋಗವ್ಳೆ, ಹಿತ್ಲಾಗಿರ್ಬೇಕು," ಎಂದರು. ಹಿತ್ತಲಿಗೆ ಹೋದೆ. ಅಕ್ಕನ ಮಗಳು ದನದ ಕೊಟ್ಟಿಗೆಯ ಮೂಲೆಯಲ್ಲಿ, ಹುಲ್ಲಿನ ಮೇಲೆ ಮಂಡಿಗೆ ಗಲ್ಲ ಊರಿಕೊಂಡು ಕುಳಿತಿದ್ದಳು. ಏಳು ವರ್ಷಕ್ಕೆ ಇನ್ನೂ ಎರಡು ತಿಂಗಳಿತ್ತು. ನನ್ನನ್ನು ಕಂಡು ಫೋನನ್ನು ಲಂಗದ ಅಡಿಗೆ ಸರಿಸಿದಳು.

"ಇಲ್ಲಿ ಯಾಕೆ ಕೂತಿದೀಯ? ಗೊಬ್ಬರದ ವಾಸನೆ."

ಅವಳು ಬಹಳ ಹೊತ್ತು ನನ್ನನ್ನು ಅಳೆದಳು. ಕೊನೆಗೆ ನಂಬಬಹುದು ಎಂದು ತೀರ್ಮಾನ ಮಾಡಿರಬೇಕು.

"ಇಲ್ಲಿ ಒಂದೇ ಕಡ್ಡಿ ಬರೋದು ಚಿಕ್ಕಮ್ಮ. ಜಗ್ಲಿ ಮೇಲೆ ನಾಲ್ಕು ಕಡ್ಡಿ ಐತೆ, ಅಲ್ಲಿ ಅಮ್ಮ ನಿಲ್ಲಲ್ಲ, ಸರ್ ಅಂತ ಹೋಗ್ಬಿಡ್ತಾಳೆ. ಒಂದು ಕಡ್ಡಿ ಇದ್ರೆ ಸ್ವಲ್ಪ ಹೊತ್ತು ಇರ್ತಾಳೆ. ನೋಡು."

ಫೋನು ಹೊರಗೆ ತೆಗೆದು, ಪುಟ ಹೊಸದಾಗಿ ಬರಲೆಂದು ಅದನ್ನು ಬೆರಳಿಂದ ಕೆಳಕ್ಕೆ ಎಳೆದಳು. ಮೇಲುಗಡೆ ಸಿಗ್ನಲಿನ ಒಂದೇ ಒಂದು ಕಡ್ಡಿ. ಬಿಳಿ ಪುಟ ಬಂತು, ಗಣಪತಿ ಬಂದ, ಅದರ ಕೆಳಗೆ ಅಕ್ಕ ಬಂದಳು. ಬಾಯಿ ಬಿಟ್ಟುಕೊಂಡು ನಗುತ್ತಿದ್ದಳು, ಕೈ ತಲೆಯ ಹಿಂದೆ ಇತ್ತು. ಮಗು ಉಸಿರು ಹಿಡಿದುಕೊಂಡು, "ಒಂದು, ಎರಡು, ಮೂರು," ಎಂದು ಪಿಸುಗುಟ್ಟಿತು. ಮೂರಕ್ಕೆ ಅಕ್ಕ ಇದ್ದ ಜಾಗದಲ್ಲಿ ಹೊಸ ಹುಡುಗಿ ನಿಂತಿದ್ದಳು, ಮೇಲಿನಿಂದ ಹೂವು ಉದುರತೊಡಗಿತು.

ನನಗೆ ಎಲ್ಲ ಅರ್ಥವಾಯಿತು. ಅಕ್ಕನ ಹಗುರದ ಫೋಟೋ ಓಡಿ ಬಂದುಬಿಡುತ್ತಿತ್ತು. ಹೂವಿನ ತೂಕದ ಕೋಡು ಇನ್ನೂ ದಾರಿಯಲ್ಲಿ ಏದುಸಿರು ಬಿಡುತ್ತಿತ್ತು. ಅದರ ಬೆನ್ನಿಗೆ ಕಾಯುತ್ತಿದ್ದ ನನ್ನ ಸಾಲು ಬಂದು ತಲುಪುವವರೆಗೆ ಅಕ್ಕನಿಗೆ ಕಾಣಿಸಿಕೊಳ್ಳಲು ಬಿಡುವಿತ್ತು. ಇಷ್ಟೆಲ್ಲ ತಿಳಿದ ಮೇಲೂ ಹುಲ್ಲಿನ ಮೇಲೆ ಅವಳ ಪಕ್ಕ ಕುಳಿತುಬಿಟ್ಟೆ. ಅಟ್ಟದ ಮೇಲಿನ ಸೀರೆಯ ಗಂಟು ಈ ಮಗುವಿಗೆ ಎಟುಕುತ್ತಿರಲಿಲ್ಲ. ಅವಳಿಗೆ ಉಳಿದಿದ್ದ ಅಮ್ಮ ಇಷ್ಟೇ, ಮೂರು ಎಣಿಸುವಷ್ಟು.

"ಅಪ್ಪಂಗೆ ಹೇಳ್ಬೇಡ ಚಿಕ್ಕಮ್ಮ. ಹೇಳಿದ್ರೆ ಅಮ್ಮನ್ನ ಕಳಿಸ್ಬಿಡ್ತಾರೆ."

ಹೇಳಲ್ಲ ಎಂದು ತಲೆ ಮುಟ್ಟಿ ಆಣೆ ಮಾಡಿದೆ. ಆಣೆಯನ್ನು ಮುರಿಯಲಿಲ್ಲ ಎಂದು ಈಗಲೂ ವಾದ ಮಾಡಬಲ್ಲೆ, ಭಾವನಿಗೆ ನಾನು ಏನೂ ಹೇಳಬೇಕಾಗಿಯೇ ಇರಲಿಲ್ಲ. ಅಷ್ಟು ಹೊತ್ತಿಗೆ ಅವರೇ ಬಂದು, ಅಂಗಳದಲ್ಲಿ ಕಾರು ನಿಲ್ಲಿಸಿ ಇಳಿದವರೇ, ಚಪ್ಪಲಿಯನ್ನೂ ಬಿಡದೆ, "ಇವತ್ತೇ ಸರಿ ಮಾಡ್ಬೇಕು ಕಣಮ್ಮ. ಅವರಪ್ಪ ಈ ಸಂಬಂಧನೇ ಬ್ಯಾಡ ಅಂತಾವ್ರೆ," ಎಂದರು. ಕಣ್ಣು ಕೆಂಪಾಗಿತ್ತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಮಗು ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿತ್ತು. ಆಗಲಿ ಭಾವ ಎಂದೆ.

ಮನೆಗೆ ಬಂದವಳು ಆಗಲೂ ಅಳಿಸಲಿಲ್ಲ. ನನ್ನ ಹಟ ನನಗೇ ಅಚ್ಚರಿ. ಮರೆಮಾಡುವ ಸಾಲು ಕೊನೆಯಲ್ಲಿ ಇರುವುದರಿಂದ ತಾನೆ ತೊಂದರೆ ಎಂದುಕೊಂಡು, ಪುಟದ ತಲೆಯ ಭಾಗದಲ್ಲೇ ಒಂದು ನಿಯಮ ಬರೆದೆ: ಅಕ್ಕ ಎಂಬ ಹೆಸರಿನವರು ಕಾಣಬಾರದು. ಬರುವಾಗಲೇ ಮುಚ್ಚಿಕೊಂಡು ಬರಲಿ. ಅಪ್‌ಲೋಡ್ ಮಾಡಿ, ನೋಡಲೂ ಮನಸ್ಸು ಬಾರದೆ ಕಂಪ್ಯೂಟರ್ ಆರಿಸಿದೆ. ಅಲ್ಲಿಯೇ ಎಡವಟ್ಟಾಯಿತು. ಜಾವಾಸ್ಕ್ರಿಪ್ಟಿನ ಸಾಲು ಮೊದಲು ಸಿಕ್ಕವರನ್ನು ಮಾತ್ರ ಹಿಡಿಯುತ್ತಿತ್ತು. ಈ ನಿಯಮ ಆ ಹೆಸರಿನವರನ್ನೆಲ್ಲ ಹಿಡಿಯುತ್ತದೆ. ಪುಟದಲ್ಲಿ ಇಬ್ಬರು ಅಕ್ಕಂದಿರಿದ್ದರು.

ಮರುದಿನ ಹತ್ತು ಗಂಟೆಗೆ ಮದುವೆಯ ಹುಡುಗಿ ಒಬ್ಬಳೇ ನೆಲಮಂಗಲದ ಬಸ್ಸಿಳಿದು, ವಿಳಾಸ ಕೇಳಿಕೊಂಡು ನನ್ನ ಕೋಣೆಗೆ ಬಂದಳು. ಅರಿಶಿನ ಬಣ್ಣದ ಚೂಡಿದಾರ್, ಕೈಯಲ್ಲಿ ನೀರಿನ ಬಾಟಲಿ. ಕೂರಿ ಎಂದರೂ ಕೂರದೆ ಫೋನು ಮುಂದೆ ಹಿಡಿದಳು. ಗಣಪತಿಯ ಕೆಳಗೆ ಭಾವ ಒಬ್ಬರೇ ನಿಂತಿದ್ದರು. ಪಕ್ಕದಲ್ಲಿ ಖಾಲಿ ಜಾಗ, ಅದರ ಮೇಲೆ ಹೂವು ಉದುರುತ್ತಿತ್ತು.

"ಈಗ ನಾನೂ ಕಾಣಿಸ್ತಿಲ್ಲ," ಎಂದಳು. "ನಮ್ಮಮ್ಮ ಬೆಳಗ್ಗಿಂದ ಅಳ್ತಾವ್ರೆ. ಅವ್ಳು ನಿನ್ನೂ ಕರ್ಕೊಂಡ್ ಹೋದ್ಲು ಅಂತ."

ನಾನು ನಾಚಿಕೆಯಿಂದ ಭೂಮಿಗಿಳಿದೆ. ಒಳಹೆಸರಿನ ವಿಷಯ, ಇಬ್ಬರಿಗೂ ಒಂದೇ ಹೆಸರಾದದ್ದು, ಎಲ್ಲ ಬಿಡಿಸಿ ಹೇಳಿದೆ. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತಳು.

"ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಬೇಕು ಅಂತ ಮಾಡಿದ್ರಾ?"

"ನಿಮ್ಮನ್ನ ಮರೆ ಮಾಡಿದ್ದು ಬೇಕು ಅಂತ ಅಲ್ಲ."

"ಅವ್ರನ್ನ ಉಳಿಸ್ಕೊಂಡಿದ್ದು?"

ಪಕ್ಕದ ಮಗ್ಗಗಳು ಬಡಿಯುತ್ತಲೇ ಇದ್ದವು. "ಅದು ಬೇಕು ಅಂತಲೇ," ಎಂದೆ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಾಟಲಿಯ ಮುಚ್ಚಳವನ್ನು ತಿರುಗಿಸಿ ಮುಚ್ಚುತ್ತ ತೆರೆಯುತ್ತ, "ನಂಗೆ ಅವ್ರ ಮುಖ ತೋರಿಸ್ತೀರಾ?" ಎಂದಳು.

ನಮ್ಮ ಕಡೆ ಎರಡನೇ ಸಂಬಂಧಕ್ಕೆ ಬರುವವಳು ತನ್ನ ತಾಳಿಯ ಜೊತೆಗೆ, ತೀರಿಹೋದ ಮೊದಲ ಹೆಂಡತಿಯ ಹೆಸರಿನಲ್ಲಿ ಒಂದು ಪುಟ್ಟ ಚಿನ್ನದ ಬಿಲ್ಲೆಯನ್ನೂ ಕಟ್ಟಿಕೊಳ್ಳಬೇಕು. ಸವತಿ ತಾಳಿ ಎನ್ನುತ್ತಾರೆ. ಹೋದವಳಿಗೆ ಹೊಟ್ಟೆಕಿಚ್ಚಾಗದಿರಲಿ ಎಂದು. ಬದುಕಿರುವಷ್ಟು ದಿನ ಅದು ರವಿಕೆಯ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ ಇರುತ್ತದೆ.

"ಪೂಜೆ ಮಾಡಿ ಕಟ್ಕೋಬೇಕಂತೆ," ಎಂದಳು ಅವಳು. "ಯಾರ ಮುಖ ನೆನ್ಸ್ಕೊಂಡು ಪೂಜೆ ಮಾಡ್ಲಿ? ಆ ಮನೇಲಿ ಒಂದು ಫೋಟೋನೂ ಕಾಣ್ಲಿಲ್ಲ. ನಮ್ಮೂರಲ್ಲಿ ಎಲ್ರ ಫೋನಲ್ಲೂ ಬಂದ್ರಂತೆ, ನಂಗೆ ಮಾತ್ರ ಕಾಣಿಸ್ಲಿಲ್ಲ. ನಂದು ಹೊಸ ಫೋನು, ಸ್ಪೀಡು."

ಒಳಗಿನ ಕಿಟಕಿ ತೆರೆದೆ. ಇಬ್ಬರೂ ಅಕ್ಕಂದಿರು ಒಬ್ಬಳ ಕೆಳಗೊಬ್ಬಳು ಇದ್ದರು. ಮೇಲಿನವಳನ್ನು ಆರಿಸಿ ಕಾಣಿಸಿಕೋ ಎಂದು ಬರೆದೆ. ಅಕ್ಕ ತೆರೆಯ ಮೇಲೆ ಬಂದಳು, ಈ ಸಲ ಹೋಗಲಿಲ್ಲ. ಹುಡುಗಿ ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದಳು.

"ನಗ್ತಾವ್ರೆ. ಯಾಕೆ ನಕ್ಕಿದ್ದು?"

ನೆನಪಿಸಿಕೊಳ್ಳಲು ಪ್ರಯತ್ನ ಮಾಡಿದೆ. ನೆನಪಾಗಲಿ ಎಂದು ಕಣ್ಣು ಮುಚ್ಚಿದೆ. ಬರಲಿಲ್ಲ. ನಾನೇ ಏನೋ ಹೇಳಿ ನಗಿಸಿರಬೇಕು, ಏನು ಹೇಳಿದೆ ಎಂಬುದು ಹೋಗಿಬಿಟ್ಟಿತ್ತು. ಅಕ್ಕ ಸತ್ತಾಗಲೂ ನಾನು ಯಾರ ಮುಂದೆಯೂ ಅತ್ತಿರಲಿಲ್ಲ, ಆ ಹುಡುಗಿಯ ಮುಂದೆ ಅತ್ತುಬಿಟ್ಟೆ. ಅವಳು ನೀರಿನ ಬಾಟಲಿ ಕೊಟ್ಟಳು. ನಾನು ಕುಡಿದು ಮುಚ್ಚಳ ಹಾಕಿದ ಮೇಲೆ, "ಈಗ ತೆಗ್ದ್‌ಬಿಡಿ," ಎಂದಳು. "ನಂಗೇನಿಲ್ಲ. ನಮ್ಮಪ್ಪ ಹೆದ್ರುಕೊಂಡವ್ರೆ. ಇನ್ನೊಂದ್ಸಲ ಕಾಣಿಸ್ಕೊಂಡ್ರೆ ಈ ಮದ್ವೆ ನಡಿಯಲ್ಲ."

ಅವಳ ಎದುರೇ ಅಕ್ಕನ ತುಣುಕನ್ನು ಆರಿಸಿ ಅಳಿಸಿದೆ. ತಲೆಯ ಭಾಗದ ನಿಯಮವನ್ನೂ ತೆಗೆದೆ. ಹೊಸಬಳ ತುಣುಕಿಗೆ ವಧು ಎಂದು ಸರಿಯಾದ ಹೆಸರಿಟ್ಟೆ. ಪುಟ ತೆರೆದರೆ ಭಾವನ ಪಕ್ಕ ಅವಳು ಬಂದಳು, ಎಲ್ಲ ಸರಿಯಿತ್ತು. ಅವಳು ಹೊರಟು ಹೋದ ಮೇಲೆ ನೋಡುತ್ತೇನೆ, ಒಳಗಿನ ಕಿಟಕಿಯಲ್ಲಿ ಒಂದು ಕೆಂಪು ಸಾಲು. ಮೊದಲಿನ ಮರೆಮಾಡುವ ಸಾಲನ್ನು ತೆಗೆಯಲು ಮರೆತಿದ್ದೆ. ಅದು ಎಂದಿನಂತೆ ಅಕ್ಕ ಎಂದು ಕರೆದಿತ್ತು. ಸಿಕ್ಕದ್ದು ನಲ್. ಕರೆದ ಹೆಸರಿನವರು ಪುಟದಲ್ಲಿ ಎಲ್ಲೂ ಇಲ್ಲ ಎಂದು ಬ್ರೌಸರು ಹೇಳುವ ಮಾತು ಅದು. ಸಾವಿರ ಸಲ ನೋಡಿದ ಮಾತು, ಸಾಮಾನ್ಯವಾಗಿ ಬೈದುಕೊಂಡು ತಿದ್ದುತ್ತೇನೆ. ಆ ದಿನ ಆ ಸಾಲನ್ನು ತೆಗೆಯಲು ಮಧ್ಯಾಹ್ನದ ಊಟದ ಹೊತ್ತಾಯಿತು.

ಸಂಜೆ ಅತ್ತೆಯ ನಂಬರಿನಿಂದ ಫೋನ್ ಬಂತು. ಹಸುವಿನ ಕೊರಳ ಗಂಟೆಯ ಸದ್ದು ಕೇಳಿಸುತ್ತಿತ್ತು, ಮಾತಾಡಿದ್ದು ಮಗು.

"ಚಿಕ್ಕಮ್ಮ, ಇವತ್ತು ಅಮ್ಮ ಬರ್ಲಿಲ್ಲ."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಒಂದೇ ಕಡ್ಡಿ ಐತೆ. ಆದ್ರೂ ಬರ್ಲಿಲ್ಲ. ನೆಟ್ಟು ಚೆನ್ನಾಗಾಗೋಯ್ತಾ?"

"ಹೂಂ ಕಣವ್ವ," ಎಂದೆ. "ನೆಟ್ಟು ಚೆನ್ನಾಗಾಯ್ತು ಅನ್ಸುತ್ತೆ."

ಮದುವೆ ನಡೆಯಿತು. ಹುಡುಗಿ ಬಿಲ್ಲೆಯನ್ನು ಪೂಜೆ ಮಾಡಿ ಕಟ್ಟಿಕೊಂಡಳು. ಕಟ್ಟಿಕೊಳ್ಳುವಾಗ ಕಣ್ಣು ಮುಚ್ಚಿದ್ದಳು, ಯಾರ ಮುಖ ಕಂಡಳೆಂದು ನನಗೆ ಗೊತ್ತಿತ್ತು. ಅವಳನ್ನು ಚಿಕ್ಕಮ್ಮ ಎನ್ನಬೇಕೆಂದು ದೊಡ್ಡವರು ಮಗುವಿಗೆ ಹೇಳಿಕೊಟ್ಟರು. ಚಿಕ್ಕಮ್ಮ ಆಗಲೇ ಒಬ್ಬಳಿದಾಳಲ್ಲ ಎಂದು ಅದು ಒಪ್ಪಲಿಲ್ಲ, ಹೊಸಮ್ಮ ಎಂದಿತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಮಗು ಏನನ್ನೂ ತಿನ್ನಲಿಲ್ಲ. ಅತ್ತೆಯ ಫೋನನ್ನು ಮಡಿಲಲ್ಲಿಟ್ಟುಕೊಂಡು ಪುಟವನ್ನು ಕೆಳಕ್ಕೆ ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು. ನಾನು ಆ ದಿನ ಪಟ್ಟ ಸಂಕಟವನ್ನು ಯಾರಿಗೂ ಹೇಳಿಲ್ಲ.

ವಾರದ ನಂತರ ಬೇರೆಯೇ ಒಂದು ಪುಟ ಮಾಡಿದೆ. ಗಣಪತಿ ಇಲ್ಲ, ಹೂವಿಲ್ಲ, ಬರೀ ಅಕ್ಕ. ತಾರಸಿಯ ಮೂಲ ಫೋಟೋ ಹುಡುಕಿ ತೆಗೆದು, ದೊಡ್ಡದಾಗಿ, ತಿಳಿಯಾಗಿ ಹಾಕಿದೆ. ಹೊಸಮ್ಮನಿಗೆ ಮಾತ್ರ ಕೊಟ್ಟಿಗೆಯ ವಿಷಯ ಹೇಳಿ, ಲಿಂಕು ಕಳಿಸಿ, ಮಗುವಿಗೆ ತೋರಿಸು ಎಂದೆ. ಅಕ್ಕ ಈಗ ಅಲ್ಲಿಂದ ಕದಲುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನೋಡಲಿ. ಇಷ್ಟು ಒಳ್ಳೆಯ ಕೆಲಸ ನಾನು ಯಾವತ್ತೂ ಮಾಡಿಲ್ಲ ಎಂದುಕೊಂಡು ಕಾದೆ. ಮಗು ಒಂದು ಸಲ ನೋಡಿ ಫೋನು ಹಿಂದಕ್ಕೆ ಕೊಟ್ಟಿತಂತೆ.

"ಏನಂದ್ಲು?" ಎಂದು ಹೊಸಮ್ಮನನ್ನು ಕೇಳಿದೆ.

"ಇದು ಅಮ್ಮ ಅಲ್ಲ, ಬರೀ ಫೋಟೋ ಅಂದ್ಲು. ಬರಲ್ಲ, ಹೋಗಲ್ಲ, ಸುಮ್ನೆ ಇರುತ್ತೆ ಅಂದ್ಲು."

ಎರಡು ದಿನ ಆ ಮಾತು ಕಿವಿಯಲ್ಲೇ ಇತ್ತು. ಮೂರನೇ ದಿನ ಕುಳಿತು ಆ ಪುಟಕ್ಕೆ ನನ್ನ ಹಳೆಯ ಸಾಲನ್ನು ಮತ್ತೆ ಬರೆದೆ. ಅಕ್ಕ ಎಂದು ಕರೆದೆ. ಕರೆದ ಕೂಡಲೇ ಸಿಕ್ಕಳು. ಈ ಸಲ ನೆಟ್ಟಿನ ಮೇಲೆ ಭಾರ ಹಾಕದೆ, ಎಷ್ಟು ಹೊತ್ತಿನ ಮೇಲೆ ಮರೆಯಾಗಬೇಕೆಂದು ನಾನೇ ಅಂಕಿ ಬರೆದೆ. ಅಲ್ಲಿ ಸೆಕೆಂಡಿಗೆ ಸಾವಿರ ಎಂದು ಲೆಕ್ಕ. ಮೂರು ಸಾವಿರ ಎಂದು ಹಾಕಿದೆ. ನನ್ನ ಅಕ್ಕನನ್ನು ಬೇಕೆಂದೇ, ಗಡಿಯಾರ ಹಿಡಿದು, ನನ್ನ ಕೈಯಾರೆ ಕಳಿಸುವ ಸಾಲು ಅದು. ಬರೆಯುವಾಗ ಭುಜ ಭಾರವಾಗಿತ್ತು, ತಿರುಗಿ ನೋಡಲಿಲ್ಲ.

ಮಗು ಒಪ್ಪಿಕೊಂಡಿತು. ಈಗ ಕೊಟ್ಟಿಗೆಗೆ ಹೋಗಬೇಕಿಲ್ಲ, ಜಗಲಿಯ ಮೇಲೂ ಅಮ್ಮ ಬರುತ್ತಾಳೆ. ಆದರೂ ಅದು ಕೊಟ್ಟಿಗೆಗೇ ಹೋಗುತ್ತದೆ, ಜೊತೆಗೆ ಹೊಸಮ್ಮನೂ ಹೋಗಿ ಹುಲ್ಲಿನ ಮೇಲೆ ಕೂರುತ್ತಾಳೆ. ತಿಂಗಳು ಬಿಟ್ಟು ಹೊಸಮ್ಮ ಫೋನ್ ಮಾಡಿ, "ಇನ್ನೊಂದು ಸೆಕೆಂಡು ಜಾಸ್ತಿ ಮಾಡ್ತೀರಾ ಅಂತ ಕೇಳ್ತಾವ್ಳೆ," ಎಂದಳು. ಆಮೇಲೆ ತಡವರಿಸಿ, "ನಂಗೂ ನೋಡಿ ಮುಗ್ದಿರಲ್ಲ, ಅಷ್ಟರಲ್ಲಿ ಹೋಗ್ಬಿಡ್ತಾರೆ," ಎಂದಳು. ನಾಲ್ಕು ಸಾವಿರ ಮಾಡಿದೆ. ಹೀಗೇ ಕೇಳಿದಾಗಲೆಲ್ಲ ಒಂದೊಂದು ಸಾವಿರ ಏರಿಸುತ್ತ ಬಂದು ಈಗ ಹನ್ನೊಂದು ಸಾವಿರದಲ್ಲಿ ನಿಂತಿದೆ. ನಾನು ಮಾತ್ರ ಆ ಪುಟವನ್ನು ಕೊನೆಯವರೆಗೆ ನೋಡುವುದಿಲ್ಲ. ಎಂಟು, ಒಂಬತ್ತು ಎಣಿಸುವಷ್ಟರಲ್ಲಿ ಮುಚ್ಚಿಬಿಡುತ್ತೇನೆ.

ಮಗುವಿಗೆ ಈಗ ಎಂಟು. ಹೋದ ಭಾನುವಾರ ನಮ್ಮ ಮನೆಗೆ ಬಂದಿತ್ತು. ಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಶುರುವಾಗಿದೆಯಂತೆ. ನನ್ನ ಕುರ್ಚಿಯ ಹಿಂದೆ ನಿಂತು ನಾನು ಯಾವುದೋ ಲೇಔಟಿನ ಹಳೆಯ ರೇಟು ಮರೆಮಾಡುವುದನ್ನು ನೋಡುತ್ತಿತ್ತು. ಹೆಸರು ಬರೆದೆ, ಕಾಣಿಸಬೇಡ ಎಂದು ಬರೆದೆ, ರೇಟು ಹೋಯಿತು. ಭುಜದ ಮೇಲೆ ಒಂದು ಪುಟ್ಟ ಕೈ ಬಿತ್ತು.

"ಚಿಕ್ಕಮ್ಮ, ಅಮ್ಮನ್ನ ಕಳ್ಸೋದು ನೀನಾ?"

ನೆಟ್ಟಿನ ಮೇಲೆ ಹಾಕಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ಹೂಂ ಕಣವ್ವ. ನಾನೇ."

"ಯಾಕೆ?"

"ಮತ್ತೆ ಬರ್ಲಿ ಅಂತ."

ಭುಜದ ಮೇಲಿನ ಕೈ ಒಂದು ಸಲ ಹಿಂಡಿತು, ಅಕ್ಕ ಹಿಂಡುತ್ತಿದ್ದ ಹಾಗೆಯೇ. "ಹಂಗಾದ್ರೆ ಸರಿ," ಎಂದಿತು ಮಗು.